ಸಿಮ್ಲಾಕ್ಕೆ ಬರೆಯಬೇಕಾಗಿದ್ದ ಉತ್ತರ

ನನಗೆ ಹನ್ನೆರಡು ವರ್ಷವಾಗಿದ್ದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಎರಡು ಊರುಗಳ ಸಲುವಾಗಿ ಜಗಳ ನಡೆದಿತ್ತು. ಒಂದು ನಾನು ಹುಟ್ಟಿ ಬೆಳೆದ ಸಿಮ್ಲಾ, ಇನ್ನೊಂದು ನಾವು ಬಂದು ಹತ್ತು ತಿಂಗಳಷ್ಟೇ ಆಗಿದ್ದ ಪುಣೆ. ಸಿಮ್ಲಾಕ್ಕೆ ಮರಳಬೇಕೆಂದು ಅವ್ವ, ಪುಣೆಯಲ್ಲೇ ಇರಬೇಕೆಂದು ಅಪ್ಪ. ಅಲ್ಲಿಂದ ಬಂದ ಒಂದು ಕಾಗದಕ್ಕೆ ಹೋಳಿಯೊಳಗೆ ಉತ್ತರ ಬರೆಯಬೇಕಾಗಿತ್ತು.

ಅಪ್ಪ ಧಾರವಾಡದ ಕಡೆಯವನು. ಮಳೆ, ಗಾಳಿ, ಚಳಿಗಳ ದಾಖಲೆ ಇಡುವ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಇಪ್ಪತ್ತೆರಡನೆಯ ವಯಸ್ಸಿಗೆ ಸಿಮ್ಲಾ ಹತ್ತಿದ್ದ. ಆಮೇಲೆ ಅವ್ವ ಮದುವೆಯಾಗಿ ಅಲ್ಲಿಗೆ ಹೋದಾಗ ಅವಳಿಗೆ ಹದಿನೈದು. ಕೆಳಗಿನ ಬಜಾರಿನ ಹಿಂದೆ, ಕಡಿದಾದ ಮೆಟ್ಟಿಲುಗಳ ಕೊನೆಯಲ್ಲಿ ಎರಡು ಕೋಣೆಯ ಮನೆ. ಕನ್ನಡದಲ್ಲಿ ಮಾತಾಡಲು ಅಪ್ಪನನ್ನು ಬಿಟ್ಟರೆ ಯಾರೂ ಇರಲಿಲ್ಲ. ಜೋಳದ ಹಿಟ್ಟು ಸಿಗುತ್ತಿರಲಿಲ್ಲ. ನೀರನ್ನು ಚರ್ಮದ ಚೀಲದಲ್ಲಿ ಹೊತ್ತು ತರುತ್ತಿದ್ದರು; ಆ ನೀರು ಕುಡಿಯುವುದಿಲ್ಲವೆಂದು ಅವ್ವ ಮೊದಲ ಎರಡು ದಿನ ಬಾಯಾರಿ ಕೂತಿದ್ದಳಂತೆ. ಚಳಿಗಾಲ ಬಂತೆಂದರೆ ದೊಡ್ಡ ದೊಡ್ಡ ಕಚೇರಿಗಳು ದಿಲ್ಲಿಗೆ ಇಳಿದುಹೋಗುತ್ತಿದ್ದವು. ಅಪ್ಪನ ಕಚೇರಿ ಇಳಿಯುತ್ತಿರಲಿಲ್ಲ. ಅರ್ಧ ಊರು ಬಾಗಿಲು ಹಾಕಿಕೊಂಡಿರುವಾಗ ನಾವು ಇದ್ದಿಲ ಅಗ್ಗಿಷ್ಟಿಕೆಯ ಸುತ್ತ ಕೂತಿರುತ್ತಿದ್ದೆವು. ನನ್ನ ಬೆನ್ನಿಗೆ ಹುಟ್ಟಿದ ತಮ್ಮ ಅಂಥದೇ ಒಂದು ಚಳಿಗಾಲದಲ್ಲಿ, ಐದು ತಿಂಗಳ ಕೂಸಿದ್ದಾಗ, ತೀರಿಹೋದ.

ಅಂಥ ಊರಿಗೆ ಅವ್ವ ಯಾಕೆ ಮರಳಬೇಕೆನ್ನುತ್ತಿದ್ದಳು ಎಂದು ಕೇಳಬಹುದು. ಹೀಗೇಕೆ ಮಾಡಿದೆ ಎಂದು ಅಲ್ಲಿ ಅವಳನ್ನು ಕೇಳುವವರು ಇರಲಿಲ್ಲ. ಪಕ್ಕದ ಮನೆಯ ಪಂಜಾಬಿ ಹೆಂಗಸಿನಿಂದ ಹಿಂದೂಸ್ತಾನಿ ಕಲಿತಳು, ಶಾಲು ಹೊದ್ದು ಒಬ್ಬಳೇ ಬಜಾರಿಗೆ ಹೋಗಿಬಂದಳು, ತಿಂಗಳ ಮೂರು ದಿನ ಹೊರಗೆ ಕೂರುವುದನ್ನು ಬಿಟ್ಟಳು. ಹೊರಗೆ ಎಂದರೆ ಅಲ್ಲಿ ಹಿಮ. ನನಗೆ ಅಕ್ಷರ ಕಲಿಸುವಾಗ ಅಪ್ಪನ ಹತ್ತಿರ ತಾನೂ ಕಲಿತಳು. ನನ್ನ ವಯಸ್ಸೆಷ್ಟು, ಜಾತಕ ಎಲ್ಲಿದೆ ಎಂದು ಹನ್ನೊಂದು ವರ್ಷ ಅಲ್ಲಿ ಯಾರೂ ವಿಚಾರಿಸಲಿಲ್ಲ.

ಕಚೇರಿಯನ್ನು ಪುಣೆಗೆ ಸಾಗಿಸಬೇಕೆಂದು ಮೇಲಿನವರು ಠರಾಯಿಸಿದಾಗ ಅದು ಒಮ್ಮೆಲೇ ಆಗಲಿಲ್ಲ, ಕಂತು ಕಂತಾಗಿ ಆಯಿತು. ಅಪ್ಪನ ವಿಭಾಗದ ಪಾಳಿ ಕೊನೆಗೆ. ಆ ಕೊನೆಯ ಚಳಿಗಾಲದಲ್ಲಿ ಅಪ್ಪನಿಗೆ ನ್ಯುಮೋನಿಯಾ ಆಯಿತು. ಹದಿನೆಂಟು ದಿನ ಹಾಸಿಗೆ ಹಿಡಿದ. ಗುಣವಾದ ಮೇಲೆ ಡಾಕ್ಟರು ಅವ್ವನನ್ನೂ ಎದುರಿಗೆ ಕೂರಿಸಿಕೊಂಡು, ಇನ್ನೊಂದು ಚಳಿಗಾಲ ಇಲ್ಲಿ ಕಳೆಯುವ ಧೈರ್ಯ ಮಾಡಬೇಡಿ ಎಂದು ಹೇಳಿದರು. ಪುಣೆಯ ವರ್ಗಾವಣೆ ದೇವರು ಕಳಿಸಿದ ಹಾಗೆ ಬಂತು.

ಪುಣೆಯಲ್ಲಿ ಒಂದು ಪೇಠೆಯ ವಾಡೆಯ ಮಾಳಿಗೆಯ ಮೇಲೆ ನಮಗೆ ಎರಡು ಕೋಣೆ ಸಿಕ್ಕವು. ಅಂಗಳದಲ್ಲಿ ನಲ್ಲಿ, ಆರು ಮನೆಗಳಿಗೆ ಒಂದೇ. ಅಪ್ಪ ದಿನಾ ಸೇತುವೆ ದಾಟಿ ಭಾಂಬುರ್ಡೆಯ ಹೊಸ ಕಲ್ಲುಕಟ್ಟಡಕ್ಕೆ ನಡೆದುಹೋಗುತ್ತಿದ್ದ, ನಡೆದೇ ಬರುತ್ತಿದ್ದ. ಸಿಮ್ಲಾದಲ್ಲಿ ಹತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದವನು ಮೂರು ತಿಂಗಳಲ್ಲಿ ಕೆಮ್ಮು ಬಿಟ್ಟ. ಅಂಗಡಿಯಲ್ಲಿ ಜೋಳ ಸಿಕ್ಕಿತು. ವಿಜಾಪುರ, ಬಾಗಲಕೋಟೆ ಕಡೆಯ ಹೆಂಗಸರು ಅರಿಷಿಣ ಕುಂಕುಮಕ್ಕೆ ಕರೆಯತೊಡಗಿದರು. ಅವ್ವ ಮೊದಲ ದಿನ ಅವರ ನಡುವೆ ಕೂತು ಎರಡು ತಾಸು ಕನ್ನಡ ಮಾತಾಡಿ ಮನೆಗೆ ಬಂದಾಗ ಅವಳ ಗಂಟಲು ಕಟ್ಟಿತ್ತು. ಇನ್ನು ನನಗೆ ಶಾಲೆ. ಹುಡುಗಿಯರದೇ ಶಾಲೆ, ಹುಡುಗಿಯರಿಗೆ ಹೆಂಗಸರೇ ಗಣಿತ ಕಲಿಸುವ ಶಾಲೆ. ಮರಾಠಿಯಲ್ಲಿ ನಾನು ಹಿಂದೂಸ್ತಾನಿ ಬೆರೆಸಿದಾಗ ತರಗತಿ ನಗುತ್ತಿತ್ತು. ನಗಲಿ, ನನಗೆ ಚಿಂತೆಯಿರಲಿಲ್ಲ. ಗಣಿತದಲ್ಲಿ ನನ್ನ ಮುಂದೆ ಯಾರೂ ಇರಲಿಲ್ಲ.

ಆದರೆ ಪುಣೆಯಿಂದ ಧಾರವಾಡ ಒಂದೇ ರೈಲು. ದೀಪಾವಳಿಗೆ ಅಜ್ಜ, ಅಪ್ಪನ ತಂದೆ, ಬಂದ. ಹಾಸಿಗೆಯ ಸುರುಳಿ, ತಾಮ್ರದ ಚೊಂಬು, ಪಂಚಾಂಗಗಳೊಂದಿಗೆ ಬಂದವನು ಮರಳಿ ಹೋಗುವ ಮಾತಾಡಲಿಲ್ಲ.

ಅಜ್ಜ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಷ್ಟು ವರ್ಷ ಕಾಗದದಲ್ಲಷ್ಟೇ ಕಂಡ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಊಟ ಮಾಡುತ್ತಿದ್ದ. ಆದರೆ ಅವನು ಬಂದ ಮೇಲೆ ಅವ್ವ ಒದ್ದೆ ಸೀರೆಯಲ್ಲಿ ಅಡುಗೆ ಮಾಡತೊಡಗಿದಳು, ತಿಂಗಳ ಮೂರು ದಿನ ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಕೂರತೊಡಗಿದಳು. ಅಜ್ಜ ದಿನವೂ ಯಾರಿಂದಲೋ ಪತ್ರಿಕೆ ಓದಿಸಿ ಕೇಳುತ್ತಿದ್ದ. ಸರಕಾರ ಕಾಯಿದೆ ಮಾಡಿದೆ. ಬರುವ ಚೈತ್ರದ ಹೊತ್ತಿಗೆ ಜಾರಿಗೆ ಬರುತ್ತದೆ. ಆಮೇಲೆ ಹದಿನಾಲ್ಕು ತುಂಬದ ಹುಡುಗಿಯ ಮದುವೆ ಮಾಡಿದರೆ ಅಪರಾಧ. ಇದಿಷ್ಟು ಅವನಿಗೆ ಬಾಯಿಪಾಠವಾಗಿತ್ತು.

"ಚೈತ್ರ ಬರೂದರಾಗ ಮುಗಿಸಿಬಿಡಬೇಕು," ಎನ್ನುತ್ತಿದ್ದ ಅಪ್ಪನಿಗೆ. "ಆಮ್ಯಾಲೆ ಎರಡು ವರ್ಷ ಕೈ ಕಟ್ಟಿಕೊಂಡು ಕೂಡಬೇಕಾಗತದ. ಹದಿನಾಲ್ಕು ದಾಟಿದ ಹುಡುಗೀನ ನಮ್ಮ ಮಂದ್ಯಾಗ ಯಾರು ಕೇಳತಾರ?"

ಅವನೊಬ್ಬನೇ ಹಾಗೆ ಅನ್ನುತ್ತಿರಲಿಲ್ಲ. ಆ ವರ್ಷ ಮಾಘ ಮಾಸ ಹುಟ್ಟಿದ್ದೇ ತಡ, ಪೇಠೆಯಲ್ಲಿ ಬ್ಯಾಂಡು ನಿಲ್ಲಲಿಲ್ಲ. ಒಂದೇ ಗಲ್ಲಿಯಲ್ಲಿ ಮೂರು ಮೆರವಣಿಗೆಗಳು ಎದುರುಬದುರಾಗುತ್ತಿದ್ದವು. ಭಟ್ಟರು ಸಿಗುತ್ತಿರಲಿಲ್ಲ, ಒಂದು ಲಗ್ನ ಅರ್ಧಕ್ಕೆ ಮಗನಿಗೆ ಒಪ್ಪಿಸಿ ಇನ್ನೊಂದಕ್ಕೆ ಓಡುತ್ತಿದ್ದರು. ಆರು ವರ್ಷದ ಮದುಮಗಳೊಬ್ಬಳು ಸೋದರಮಾವನ ಹೆಗಲ ಮೇಲೆ ನಿದ್ದೆ ಹೋಗಿ, ಬಾಸಿಂಗ ಕಿವಿಯ ಮೇಲೆ ಜಾರಿಕೊಂಡು ಹೋದದ್ದನ್ನು ನಾನು ಮಾಳಿಗೆಯಿಂದ ನೋಡಿದೆ. ನಮ್ಮ ತರಗತಿಯಲ್ಲಿ ಒಂದೇ ತಿಂಗಳಿನಲ್ಲಿ ನಾಲ್ಕು ಜಾಗ ಖಾಲಿಯಾದವು. ನಮ್ಮ ಶಿಕ್ಷಕಿ ಬಾಯಿಯವರು ಹಾಜರಿ ಕರೆಯುವಾಗ ಆ ಹೆಸರುಗಳನ್ನು ನಿಧಾನವಾಗಿ ಕರೆದು, ಸ್ವಲ್ಪ ಕಾದು, ಮುಂದೆ ಹೋಗುತ್ತಿದ್ದರು.

ಆಗಲೇ ಸಿಮ್ಲಾದಿಂದ ಆ ಕಾಗದ ಬಂತು. ಅಲ್ಲಿ ಬೇರೊಂದು ಕಚೇರಿಯಲ್ಲಿದ್ದ ಅಪ್ಪನ ಗೆಳೆಯ ಬರೆದಿದ್ದ. ತಮ್ಮಲ್ಲಿ ಒಂದು ಜಾಗ ತೆರವಾಗಿದೆ, ಸಾಹೇಬರೊಂದಿಗೆ ಮಾತಾಡಿದ್ದೇನೆ, ಬರುವುದಾದರೆ ಹೋಳಿಯೊಳಗೆ ತಿಳಿಸು. ಅಪ್ಪ ಅದನ್ನು ಓದಿ ಗೋಡೆಯ ಗೂಡಿನಲ್ಲಿಟ್ಟ. ಅವ್ವ ಅದನ್ನು ತೆಗೆದು ಎರಡು ಸಲ ಓದಿದಳು.

ಅಜ್ಜ ಸಾಯಂಕಾಲ ಗುಡಿಗೆ ಹೋದಾಗಷ್ಟೇ ಅವರು ಜಗಳಾಡುತ್ತಿದ್ದರು. ಅಜ್ಜನ ಊರುಗೋಲಿನ ಸಪ್ಪಳ ಅಂಗಳದಲ್ಲಿ ಕೇಳಿಸಿದ ಕೂಡಲೇ ನಿಲ್ಲಿಸಿಬಿಡುತ್ತಿದ್ದರು. ಇಷ್ಟು ಅವಸರದ ಜಗಳವನ್ನು ನಾನು ಮತ್ತೆ ಎಲ್ಲೂ ಕೇಳಿಲ್ಲ.

"ಅಲ್ಲೆ ಹೋಗೂಣ್ರಿ," ಎನ್ನುತ್ತಿದ್ದಳು ಅವ್ವ. "ಮಾವನವರು ಅಷ್ಟು ದೂರ ಬರೂದಿಲ್ಲ. ಚೈತ್ರ ಬರತದ, ಕಾಯಿದೆ ಬರತದ. ಆಮ್ಯಾಲೆ ಬೇಕಾದ್ರ ಮರಳಿ ಬರೂಣಂತ."

"ಸರಕಾರಿ ನೌಕರಿ ಏನು ನಮ್ಮ ಮನಿ ಟಾಂಗಾ ಏನ, ಬೇಕಾದಾಗ ತಿರುಗಸಲಿಕ್ಕೆ? ಒಮ್ಮೆ ಹೋದ್ವಿ ಅಂದ್ರ ಹೋದ್ವಿ."

"ಹೋದ್ರ ಏನಾತು? ಹದಿನಾರು ವರ್ಷ ಇದ್ದಿಲ್ಲೇನು?"

"ಡಾಕ್ಟರು ಹೇಳಿದ್ದು ಮರತಿ ಏನು?"

"ಬಿಸಿನೀರು ಕಾಸಿ ಕೊಡತೀನಿ. ಎರಡು ಅಗ್ಗಿಷ್ಟಿಗಿ ಇಡೂಣು."

"ಆ ಊರು ನಮ್ಮ ಕೈಯಾಗಿಂದ ಒಂದು ಕೂಸು ಕಸಗೊಂಡದ," ಎಂದ ಅಪ್ಪ ಒಂದು ದಿನ. ಅವ್ವ, "ಈ ಊರು ಇನ್ನೊಂದನ್ನ ಕಸಗೊಳ್ಳಲಿಕ್ಕೆ ಹತ್ತೇದ," ಎಂದಳು. ಅಪ್ಪ ಎದ್ದು ಕಿಟಕಿಗೆ ಹೋದ.

ನಾನು ಯಾರ ಪರ ಇದ್ದೆ? ಖರೇ ಹೇಳಬೇಕೆಂದರೆ ನನಗೆ ಪುಣೆ ಬೇಕಾಗಿತ್ತು, ಶಾಲೆಯ ಸಲುವಾಗಿ. ಆದರೆ ಅಪ್ಪ ಉಸಿರಿಗಾಗಿ ಒದ್ದಾಡಿದ ಆ ಹದಿನೆಂಟು ದಿನಗಳು ನೆನಪಾದರೆ ಸಿಮ್ಲಾ ಬೇಡವೆನಿಸುತ್ತಿತ್ತು, ಖಾಲಿಯಾದ ನಾಲ್ಕು ಜಾಗ ನೋಡಿದರೆ ಪುಣೆಯೂ ಬೇಡವೆನಿಸುತ್ತಿತ್ತು.

ಮಾಘದ ಕೊನೆಯ ವಾರದಲ್ಲಿ ಅಜ್ಜ ಒಂದು ಸಂಬಂಧ ಗೊತ್ತುಮಾಡಿದ. ಸಾಸವಡದ ಮನೆತನ. ಮೂಲ ವಿಜಾಪುರದ ಕಡೆಯವರು, ಮನೆಯಲ್ಲಿ ಕನ್ನಡ. ಹುಡುಗನಿಗೆ ಹತ್ತೊಂಬತ್ತು, ಪುಣೆಯಲ್ಲೇ ಕಾಲೇಜಿನ ಮೊದಲ ವರ್ಷ. ಅವರು ನೋಡಲು ಬಂದರು. ಹುಡುಗ ಬರಲಿಲ್ಲ. ಅವನ ತಾಯಿ ನನ್ನನ್ನು ನಡೆಸಿ ನೋಡಿದರು, ಕೂದಲು ಬಿಚ್ಚಿಸಿ ನೋಡಿದರು, ಒಂದು ಪುಟ ಓದಿಸಿದರು. ಹೆಚ್ಚು ಮಾತಿನವರಲ್ಲ. ಹೋಗುವಾಗ ನನ್ನ ಗಲ್ಲ ಮುಟ್ಟಿ, "ಸಣ್ಣಾಕಿ ಅದಾಳ," ಎಂದರು. ಅಜ್ಜ ನಕ್ಕು, "ದೊಡ್ಡಾಕಿ ಆಗತಾಳ್ರಿ," ಎಂದ. ಹೋಳಿಯಾಗಿ ಐದನೆಯ ದಿನಕ್ಕೆ ಮುಹೂರ್ತ.

ಅಪ್ಪ ಇನ್ನೂ ಒಪ್ಪಿರಲಿಲ್ಲ. ಅಜ್ಜ ಜಗಳವಾಡಲಿಲ್ಲ, ಒಂದು ಹೊತ್ತಿನ ಊಟ ಬಿಟ್ಟ. ಅರವತ್ತೆಂಟರ ಮುದುಕ ರಾತ್ರಿಯ ತಾಟಿನ ಮುಂದೆ ಬಂದು ಕೂತು, ಕೈಮುಗಿದು, ಎದ್ದುಹೋಗುತ್ತಿದ್ದ. ನಾಲ್ಕನೆಯ ದಿನ ಅಪ್ಪ, "ಊಟ ಮಾಡ್ರಿ. ನೀವು ಹೇಳಿದಂಗ ಆಗಲಿ," ಎಂದ. ಅವ್ವ ಬಡಿಸುತ್ತಿದ್ದಳು. ಸಾರು ಬಡಿಸಿ ಒಳಗೆ ಹೋದಳು.

ಮರುದಿನ ಅವಳು ಅಜ್ಜನ ಮುಂದೆ ಬಾಗಿಲ ಮರೆಯಲ್ಲಿ ನಿಂತು, ಮದುವೆಗೆ ಮೊದಲು ಹುಡುಗಿಯನ್ನು ಜೇಜುರಿಗೆ ಕರೆದುಕೊಂಡು ಹೋಗಿ ಖಂಡೋಬನಿಗೆ ಅರಿಷಿಣದ ಭಂಡಾರ ಹಾರಿಸಿ ಬರುತ್ತೇನೆ ಎಂದಳು. ಸಿಮ್ಲಾದಲ್ಲಿ ನಾನು ಹುಟ್ಟಿದಾಗ ಹರಕೆ ಹೊತ್ತಿದ್ದಳಂತೆ. ಅಜ್ಜನಿಗೆ ಖುಷಿಯಾಯಿತು. ಮಂಡಿನೋವಿನಿಂದ ತನಗೆ ಆ ಮೆಟ್ಟಿಲು ಹತ್ತಲಾಗದು ಎಂದು ಬೇಸರವನ್ನೂ ಪಟ್ಟ. ಇಬ್ಬರೇ ಹೆಂಗಸರು ಮೋಟಾರಿನಲ್ಲಿ ಹೋಗುವುದೇ ಎಂದು ಕೇಳಿದಾಗ ಅಪ್ಪ ತಲೆಯೆತ್ತದೆ, "ಹೋಗಲಿ ಬಿಡ್ರಿ. ಅಕಿಗೆ ರೂಢಿ ಅದ," ಎಂದ.

ಬೆಳಿಗ್ಗೆ ಹೊರಟೆವು. ದಿವೆ ಘಾಟಿನಲ್ಲಿ ಮೋಟಾರು ಎರಡು ಸಲ ನಿಂತು ನೀರು ಕುಡಿಯಿತು. ಸಿಮ್ಲಾದ ಘಟ್ಟ ಕಂಡವಳಿಗೆ ಅದೇನು ದೊಡ್ಡದಲ್ಲ; ಆದರೂ ತಿರುವಿನಲ್ಲಿ ಅವ್ವ ನನ್ನ ಮುಂಗೈ ಹಿಡಿದಿದ್ದಳು, ಬಳೆ ಒತ್ತಿ ಗುರುತು ಬೀಳುವಷ್ಟು ಗಟ್ಟಿಯಾಗಿ. ಸಾಸವಡ ಬಂದಾಗ ಅವಳು ಎದ್ದಳು.

"ಜೇಜುರಿ ಇನ್ನೂ ಮುಂದದ," ಎಂದೆ.

"ಇಳಿ," ಎಂದಳು.

ಕೇಳುತ್ತ ಕೇಳುತ್ತ ಆ ಮನೆಗೆ ಹೋದೆವು. ಗಂಡಸರು ಹೊಲಕ್ಕೆ ಹೋಗಿದ್ದರು. ಹುಡುಗನ ತಾಯಿ ಅಕ್ಕಿ ಆರಿಸುತ್ತಿದ್ದವರು ನಮ್ಮನ್ನು ನೋಡಿ ದಿಗ್ಗನೆ ಎದ್ದರು. ಬೀಗಿತ್ತಿಯಾಗುವವಳು ಹೇಳದೆ ಕೇಳದೆ ಹೀಗೆ ಬರುವುದುಂಟೇ? ಆದರೂ ನೀರು ಕೊಟ್ಟರು, ಬೆಲ್ಲ ಕೊಟ್ಟರು. ಅವ್ವ ನನ್ನನ್ನು ಹಿತ್ತಿಲಿಗೆ ಕಳಿಸಿದಳು. ನಾನು ಅಡುಗೆಮನೆಯ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತೆ. ಕದ್ದು ಕೇಳಬೇಕೆಂದು ಕೂತವಳಲ್ಲ. ನೆರಳಿದ್ದದ್ದು ಅಲ್ಲಿ ಮಾತ್ರ.

"ನಿಮಗ ಮೋಸ ಮಾಡಲಿಕ್ಕೆ ನನಗ ಮನಸ್ಸಿಲ್ರಿ," ಅವ್ವನ ದನಿ. "ನಮ್ಮ ಮಾವನವರಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಹುಡುಗಿಗೆ ಎದಿ ಬ್ಯಾನಿ ಅದ. ಸಿಮ್ಲಾದ ಥಂಡಿ ಹತ್ತೇದ. ಹೋದ ವರ್ಷ ಕೆಮ್ಮಿದಾಗ ರಕ್ತ ಬಿತ್ತು. ನಾ ನೋಡೀನಿ."

ಒಳಗೆ ಮೊರದ ಸಪ್ಪಳ ನಿಂತಿತು.

"ಕ್ಷಯಾನ?" ಎಂದರು ಹುಡುಗನ ತಾಯಿ, ಬಹಳ ಮೆಲ್ಲಗೆ.

"ಅಲ್ಲಿಯ ಡಾಕ್ಟರು ಹಂಗ ಅಂದ್ರು."

"ನೋಡಿದ್ರ ಛಲೋ ಇದ್ದಂಗ ಕಾಣತಾಳ."

"ಕಾಣತಾಳ್ರಿ."

ಆಮೇಲೆ ಏನು ಮಾತಾಡಿದರೋ, ನನಗೆ ಕೇಳಲಿಲ್ಲ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ನನಗೆ ಕ್ಷಯ. ಹೋದ ವರ್ಷ ರಕ್ತ ಬಿದ್ದದ್ದು ನನಗೆ ನೆನಪಿರಲಿಲ್ಲ. ಆದರೆ ಅವ್ವ ನೋಡಿದ್ದಾಳೆ. ಅವ್ವ ನನ್ನೆದುರು ಒಂದು ದಿನವೂ ಸುಳ್ಳಾಡಿದವಳಲ್ಲ. ಬಹುಶಃ ನಿದ್ದೆಯಲ್ಲಿ ಕೆಮ್ಮಿರಬೇಕು, ಅವಳು ಒರೆಸಿರಬೇಕು ಎಂದುಕೊಂಡೆ.

ಜೇಜುರಿಗೆ ಹೋದೆವು, ಭಂಡಾರವನ್ನೂ ಹಾರಿಸಿದೆವು. ಆ ಮೆಟ್ಟಿಲುಗಳ ಮೇಲೆ ನಮ್ಮ ಕಡೆಯ ಜನ ಬಹಳ ಇದ್ದರು, ಸುತ್ತ ಕನ್ನಡವೇ ಕೇಳುತ್ತಿತ್ತು. ನಾನು ಪ್ರತಿ ಹತ್ತು ಮೆಟ್ಟಿಲಿಗೆ ನಿಂತು ಉಸಿರು ನೋಡಿಕೊಳ್ಳುತ್ತಿದ್ದೆ. ಏದುಸಿರು ಬರುತ್ತಿತ್ತು. ಯಾರಿಗೆ ಬರುವುದಿಲ್ಲ? ನನಗೆ ಮಾತ್ರ ಅದು ಬೇರೆಯೇ ಅನಿಸಿತು.

ಮರಳುವಾಗ ಮೋಟಾರಿನಲ್ಲಿ ಕೇಳಿದೆ. "ಅವ್ವಾ, ನಾ ಎಷ್ಟು ದಿನ ಇರತೀನಿ?"

ಅವಳು ತಟ್ಟನೆ ನನ್ನತ್ತ ತಿರುಗಿದಳು. ನಾನು ಕೇಳಿಸಿಕೊಂಡಿದ್ದೇನೆಂದು ಅವಳಿಗೆ ಆಗಲೇ ಗೊತ್ತಾದದ್ದು. ಪಕ್ಕದಲ್ಲಿ ಜನ ಇದ್ದರು. "ಸುಮ್ನ ಕೂಡು," ಎಂದಳು. "ಮನ್ಯಾಗ ಯಾರ ಮುಂದೂ ಬಾಯಿ ಬಿಡಬ್ಯಾಡ."

ಅವತ್ತು ಅವಳು ನಿಜ ಹೇಳಬಹುದಿತ್ತು. ಮರುದಿನವೂ ಹೇಳಬಹುದಿತ್ತು. ಹೇಳಲಿಲ್ಲ. ಅಜ್ಜ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದ. ಹನ್ನೆರಡರ ಹುಡುಗಿಯ ಮುಖ ಎಲ್ಲವನ್ನೂ ಹೇಳಿಬಿಡುತ್ತದೆಂದು ಹೆದರಿದ್ದಳು. ಹೀಗೆ ಒಂಬತ್ತು ದಿನ ನಾನು ಸಾಯುತ್ತೇನೆಂದು ನಂಬಿಕೊಂಡು ಶಾಲೆಗೆ ಹೋಗಿಬಂದೆ. ರಕ್ತ ಬೀಳುತ್ತದೆಯೇ ಎಂದು ಬೇಕೆಂದೇ ಕೆಮ್ಮಿ ಬಿಳಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಶಾಲೆಯಲ್ಲಿ ಗೆಳತಿಯ ಲೋಟದಲ್ಲಿ ನೀರು ಕುಡಿಯುವುದನ್ನು ಬಿಟ್ಟೆ. ಅಪ್ಪ ತಲೆ ನೇವರಿಸಲು ಬಂದರೆ ಸರಿಯುತ್ತಿದ್ದೆ. ಅವನ ಎದೆ ಮೊದಲೇ ಸೋತದ್ದು, ನನ್ನಿಂದ ಅವನಿಗೆ ತಗಲೀತು ಎಂದು. ಮನೆಯಲ್ಲಿ ಮಾತ್ರ ಹಪ್ಪಳ ಒಣಗುತ್ತಿದ್ದವು, ಅಜ್ಜ ಆಮಂತ್ರಣದ ಯಾದಿ ಹೇಳುತ್ತಿದ್ದ, ಅಪ್ಪ ಬರೆಯುತ್ತಿದ್ದ. ಗೂಡಿನಲ್ಲಿ ಸಿಮ್ಲಾದ ಕಾಗದ ಹಾಗೆಯೇ ಇತ್ತು.

ಹತ್ತನೆಯ ದಿನ ಸಾಸವಡದಿಂದ ಆಳು ಬಂದ. ಅವನು ತಂದ ಕಾಗದವನ್ನು ಅಪ್ಪ ಅಜ್ಜನಿಗೆ ಓದಿ ಹೇಳಬೇಕಾಯಿತು. ಅರ್ಧದಲ್ಲಿ ಅವನ ದನಿ ನಿಂತುಹೋಯಿತು. ಮತ್ತೆ ಮೊದಲಿಂದ ಓದಿದ.

ಅಜ್ಜ ಅವ್ವನನ್ನು ಕರೆದ. "ನೀ ಹೇಳೀಯಂತ. ಖರೇನ?"

"ಖರೇರಿ," ಎಂದಳು ಅವ್ವ. ನಾನು ಅಲ್ಲೇ ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ.

"ನನಗ ಯಾಕ ಹೇಳಲಿಲ್ಲ?" ಅದು ಅಪ್ಪ. ಅವನು ಎಷ್ಟು ಬೆಳ್ಳಗಾಗಿದ್ದನೆಂದರೆ ನಾನು ಅವನನ್ನು ಹಿಡಿದುಕೊಳ್ಳಲು ಎರಡು ಹೆಜ್ಜೆ ಮುಂದಿಟ್ಟು, ನನ್ನ ರೋಗ ನೆನಪಾಗಿ ಅಲ್ಲೇ ನಿಂತೆ.

"ನಿಮ್ಮ ಬ್ಯಾನಿ ಹೆಚ್ಚಾದೀತು ಅಂತ ಹೇಳಲಿಲ್ಲ."

ಅಜ್ಜ, "ನಾಳೆ ಮುಂಜಾನೆ ಡಾಕ್ಟರಿಗೆ ತೋರಸು," ಎಂದ ಅಪ್ಪನಿಗೆ. "ಬರಸಿಕೊಂಡು ಬಾ. ಸುಳ್ಳಾದ್ರ ಆ ಕಾಗದ ತಗೊಂಡು ನಾನ ಸಾಸವಡಕ್ಕ ಹೋಗತೀನಿ. ಮುಹೂರ್ತ ಇನ್ನೂ ಹತ್ತು ದಿನ ಅದ."

ಅವ್ವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅದು ನನಗೆ ದುಃಖವಾಗಿ ಕಂಡಿತ್ತು. ಹೆದರಿಕೆಯೆಂದು ಹೇಗೆ ತಿಳಿಯಬೇಕು?

ಡಾಕ್ಟರು ವಯಸ್ಸಾದವರು. ಕಬ್ಬಿಣದ ಮಂಚದ ಮೇಲೆ ಕೂರಿಸಿ ಎದೆ, ಬೆನ್ನು ಬಡಿದು ನೋಡಿದರು. ನಳಿಗೆಯಿಟ್ಟು ಬಹಳ ಹೊತ್ತು ಕೇಳಿದರು. ಒಂದರಿಂದ ಇಪ್ಪತ್ತರ ತನಕ ಎಣಿಸಲು ಹೇಳಿದರು. ಹಿಂದೂಸ್ತಾನಿಯಲ್ಲಿ ಎಣಿಸಿದೆ, ಹೆದರಿದಾಗ ನನಗೆ ಅದೇ ಬಾಯಿಗೆ ಬರುತ್ತಿತ್ತು. ನಾಲಗೆ ನೋಡಿದರು, ತೂಕ ನೋಡಿದರು, ಅಪ್ಪನನ್ನು ಒಳಗೆ ಕರೆದರು. ಅಪ್ಪ ಹೊರಬಂದಾಗ ಕೈಯಲ್ಲಿ ಮಡಿಸಿದ ಚೀಟಿಯಿತ್ತು. ಅದನ್ನು ಕೋಟಿನ ಎದೆಯ ಜೇಬಿನಲ್ಲಿಟ್ಟುಕೊಂಡ. ಟಾಂಗಾ ಹತ್ತಿ ಅರ್ಧ ದಾರಿ ಬಂದೆವು.

"ನಿನಗ ಏನೂ ಆಗಿಲ್ಲ," ಎಂದ ಕೊನೆಗೆ. "ಎಂದೂ ಆಗಿದ್ದಿಲ್ಲ. ಕಲ್ಲಿನಂಗ ಅದಾಳ ಹುಡುಗಿ ಅಂದ್ರು."

"ಮತ್ತ ಅವ್ವ ನೋಡೀನಿ ಅಂದಳು?"

ನನಗೆ ಅಳು ಬಂತು. ಬದುಕಿದೆನೆಂದು ಬಂದ ಅಳು ಅದೆಂದು ಅಪ್ಪ ತಿಳಿದನೋ ಏನೋ. ಅದರಲ್ಲಿ ಅರ್ಧ ಸಿಟ್ಟಿತ್ತು. ಒಂಬತ್ತು ದಿನ ಅವಳು ನನ್ನ ತಾಟಿಗೆ ಬಡಿಸಿದ್ದಳು, ತಲೆ ಬಾಚಿದ್ದಳು.

ನಾನು ಅವನನ್ನು ನೋಡಿದೆ. ಅಪ್ಪ ಎಂಥವನೆಂದರೆ, ಒಮ್ಮೆ ಯಾವುದೋ ಊರಿನ ಮಳೆಯ ಅಂಕಿಯಲ್ಲಿ ಒಂದು ಬಿಂದು ಹೆಚ್ಚುಕಡಿಮೆಯಾದದ್ದಕ್ಕೆ ಭಾನುವಾರ ಕಚೇರಿಗೆ ಹೋಗಿ ತಿದ್ದಿಬಂದವನು. ತಂದೆಯ ಮುಂದೆ ಎಂದೂ ದನಿ ಎತ್ತಿದವನಲ್ಲ. ಚೀಟಿ ಜೇಬಿನಲ್ಲಿತ್ತು. ಅಜ್ಜ ಕೈ ಚಾಚುತ್ತಾನೆ, ಇವನು ಕೊಡುತ್ತಾನೆ ಎಂದುಕೊಂಡೆ.

ಅಜ್ಜ ಮೆಟ್ಟಿಲ ಮೇಲೆಯೇ ಕಾಯುತ್ತಿದ್ದ. ಅವ್ವ ಅಡುಗೆಮನೆಯ ಬಾಗಿಲಲ್ಲಿದ್ದಳು.

"ಏನಂದ್ರು?"

ಅಪ್ಪ ಚಪ್ಪಲಿ ಬಿಟ್ಟ. ಕಾಲು ತೊಳೆದ. ಇಷ್ಟು ಸಾವಕಾಶವಾಗಿ ಅವನು ಕಾಲು ತೊಳೆದದ್ದನ್ನು ನಾನು ನೋಡಿರಲಿಲ್ಲ. "ಎದಿ ಸೋತದ ಅಂದ್ರು," ಎಂದ. "ಎರಡು ಮೂರು ವರ್ಷ ನೋಡಬೇಕು. ಮದವಿ ಮಾತು ತೆಗೀಬ್ಯಾಡ್ರಿ ಅಂದ್ರು."

"ಬರದು ಕೊಟ್ಟಾರೇನು?"

"ಇಲ್ರಿ. ಬಾಯಿಲೇ ಹೇಳಿದ್ರು."

ಅವನ ಎಡಗೈ ಕೋಟಿನ ಎದೆಯ ಮೇಲೆ ಹೋಯಿತು. ಅಜ್ಜ ಅದನ್ನು ನೋಡಿದ. ಒಂದು ಕ್ಷಣ ನನಗೆ ಎಲ್ಲ ಮುಗಿಯಿತು ಅನಿಸಿತು. ಆದರೆ ಅಜ್ಜ, "ನಿನಗ ಏನಾತು? ಎದಿ ನೋಸತದೇನು? ಕೂಡು, ಕೂಡು," ಎಂದು ಅವನ ತೋಳು ಹಿಡಿದು ಕೂರಿಸಿದ. ಆಮೇಲೆ ನನ್ನನ್ನು ಹತ್ತಿರ ಕರೆದ. ತಗಲೀತು ಎಂದು ಹಿಂಜರಿಯಲಿಲ್ಲ. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಗಟ್ಟಿಯಾಗಿ ಅತ್ತ. ಗಂಡಸು ಹಾಗೆ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನ ಎದೆಯ ಮೇಲಿದ್ದ ಗಂಧದ ವಾಸನೆ ಮೂಗಿಗೆ ಹತ್ತಿದಾಗ ನಿಜ ಹೇಳಿಬಿಡಬೇಕೆಂದು ಬಾಯಿಗೆ ಬಂದಿತ್ತು. ಅವ್ವನ ಕಡೆ ನೋಡಿದೆ. ಅವಳು ಅಪ್ಪನನ್ನೇ ನೋಡುತ್ತಿದ್ದಳು. ನಾನು ಸುಮ್ಮನಿದ್ದೆ. ಮೂವರೂ ಸೇರಿ ಆ ಮುದುಕನಿಗೆ ಸುಳ್ಳು ಹೇಳಿದೆವು.

ಮೂರನೆಯ ದಿನ ಅಜ್ಜ ಊರಿಗೆ ಹೋದ, ನನ್ನ ಹೆಸರಿನಲ್ಲಿ ಜಪಕ್ಕೆ ಕೂರಲು. ಆಮೇಲೆ ಪ್ರತಿ ತಿಂಗಳು ಅಂಚೆಯಲ್ಲಿ ಕುಂಕುಮ, ಒಣಗಿದ ಹೂವು ಬರುತ್ತಿದ್ದವು, ಎರಡು ವರ್ಷ, ಅವನು ತೀರಿಕೊಳ್ಳುವವರೆಗೆ. ಅವ್ವ ಅವನ್ನು ಎಸೆಯಲೂ ಇಲ್ಲ, ನನ್ನ ಹಣೆಗೆ ಹಚ್ಚಲೂ ಇಲ್ಲ.

ಅಜ್ಜ ಹೋದ ಸಂಜೆ ಅಪ್ಪ ಚೀಟಿಯನ್ನು ಬಚ್ಚಲ ಒಲೆಗೆ ಹಾಕಿದ. ಬಂದು ಗೂಡಿನಿಂದ ಸಿಮ್ಲಾದ ಕಾಗದ ತೆಗೆದ. "ಈಗ ಹೇಳು. ಎಲ್ಲೆ ಇರೂಣು?"

"ಇಲ್ಲೇ ಇರೂಣ್ರಿ," ಎಂದಳು ಅವ್ವ. "ನಿಮಗ ಇಲ್ಲಿ ಹವಾ ಸರಿ ಬಂದದ."

ಅಪ್ಪ ಬರಲಾಗುವುದಿಲ್ಲವೆಂದು ಬರೆದು ಕಳಿಸಿದ. ಹೋಳಿಗೆ ಇನ್ನೂ ಎರಡು ದಿನ ಇತ್ತು. ಚೈತ್ರ ಬಂತು, ಕಾಯಿದೆ ಬಂತು, ಬ್ಯಾಂಡು ನಿಂತಿತು.

ಸುದ್ದಿ ಮಾತ್ರ ನಿಲ್ಲಲಿಲ್ಲ. ಸಾಸವಡದಿಂದ ಪೇಠೆಗೆ ಬಂತು, ಪೇಠೆಯಿಂದ ವಾಡೆಗೆ. ನಲ್ಲಿಯಲ್ಲಿ ನಮ್ಮ ಕೊಡಕ್ಕೆ ಕೊನೆಯ ಪಾಳಿಯಾಯಿತು. ಶಾಲೆಯಲ್ಲಿ ಮುಖ್ಯ ಬಾಯಿಯವರು ತಮ್ಮದೇ ಡಾಕ್ಟರಿಂದ ಪರೀಕ್ಷೆ ಮಾಡಿಸಿ ಒಳಗೆ ಸೇರಿಸಿದರು; ಆದರೂ ಬೆಂಚಿನಲ್ಲಿ ನನ್ನ ಪಕ್ಕ ಒಂದು ವರ್ಷ ಯಾರೂ ಕೂರಲಿಲ್ಲ. ಆ ವರ್ಷ ಓದುವುದನ್ನು ಬಿಟ್ಟು ನನಗೆ ಬೇರೆ ಕೆಲಸವಿರಲಿಲ್ಲ. ಮ್ಯಾಟ್ರಿಕ್ ಆಯಿತು, ಶಿಕ್ಷಕಿಯ ತರಬೇತಿ ಆಯಿತು, ಕೆಲಸ ಸಿಕ್ಕಿತು. ನಡುವೆ ಮೂರು ಸಲ ನನ್ನನ್ನು ನೋಡಲು ಬಂದವರು ಸಾಸವಡದಲ್ಲಿ ವಿಚಾರಿಸಿ ಸುಮ್ಮನಾದರು. ಮೂರನೆಯವರ ಮುಂದೆ ಅವ್ವ ನಿಜ ಹೇಳಿದಳು. ಆ ಮನೆಯ ಹಿರಿಯ ಹೆಂಗಸು, "ಅವತ್ತು ಸುಳ್ಳೋ, ಇವತ್ತು ಸುಳ್ಳೋ, ನಮಗ ಹ್ಯಾಂಗ ತಿಳೀಬೇಕು?" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ಮದುವೆಯಾಗಲಿಲ್ಲ.

ಅಪ್ಪ ಪುಣೆಯಲ್ಲಿ ಹನ್ನೊಂದು ವರ್ಷ ಬದುಕಿದ. ಕೊನೆಯ ತಿಂಗಳಷ್ಟೇ ಎದೆ ಮತ್ತೆ ಸೋತದ್ದು. ಅವನ ದಿನಕರ್ಮ ಮುಗಿದ ವಾರ ನಾನು ಅವ್ವನ ಜೊತೆ ಜಗಳ ತೆಗೆದೆ. ಅಷ್ಟು ವರ್ಷ ತೆಗೆದಿರಲಿಲ್ಲ.

"ಬ್ಯಾನಿ ಅಪ್ಪನಿಗಿತ್ತು. ನನ್ನ ಹೆಸರು ಯಾಕ ಹೇಳಿದಿ? ತಂದಿಗೆ ಕ್ಷಯ ಅಂದಿದ್ರೂ ಸಾಸವಡದವರು ಹಿಂದ ಸರೀತಿದ್ರು."

ಅವ್ವ ಕಾಳು ಆರಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಘಾಟಿನ ತನಕ ಅದನ್ನ ಹೇಳಬೇಕಂತ ಮಾಡಿದ್ದೆ. ಆದರ ಅದು ಕಚೇರಿ ತನಕ ಹೋಗತಿತ್ತು. ನಿಮ್ಮಪ್ಪನ ನೌಕರಿ ಹೋಗತಿತ್ತು."

"ನನಗ ಏನ ಹೋದ್ರೂ ನಡೀತಿತ್ತೇನು?"

"ನಿನಗ ಆಗ ಹೋಗೂದಿದ್ದದ್ದು ಮದವಿ ಒಂದ. ಅದು ತಪ್ಪಲಿ ಅಂತನ ಸಾಸವಡಕ್ಕ ಹೋಗಿದ್ದೆ." ಕಾಳಿನಲ್ಲಿ ಸಿಕ್ಕ ಹರಳೊಂದನ್ನು ಎಸೆದು, "ಆ ಒಂದು ವಾರ ನಿನಗ ಹೇಳಬೇಕಾಗಿತ್ತು. ಅದು ತಪ್ಪಾತು," ಎಂದಳು.

ಒಂದು ವಾರವಲ್ಲ, ಒಂಬತ್ತು ದಿನ ಎಂದೆ. ಅವಳು ಹೂಂ ಎಂದಳು. ಕ್ಷಮಿಸು ಎಂದು ಅವಳು ಹೇಳಲಿಲ್ಲ, ಕ್ಷಮಿಸಿದೆನೆಂದು ನಾನೂ ಹೇಳಲಿಲ್ಲ. ಆ ತಿಂಗಳು ಆರನೆಯ ತರಗತಿಯ ಪರೀಕ್ಷೆ ನಡೆದಿತ್ತು. ನಾನು ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತೆ. ಅವ್ವ ಕಾಳಿನ ಮೊರ ಪಕ್ಕಕ್ಕಿಟ್ಟು, ದೀಪ ಹಚ್ಚಿ ತಂದು ನನ್ನ ಬಲಗಡೆ ಇಟ್ಟು, ಒಳಗೆ ಹೋದಳು.